ಒಂದಂಗುಲ ಕಾಗದದಲ್ಲಿ ಒಂದು ದೇಶ

ಅಂಚೆಚೀಟಿ ಕೊಳ್ಳಲು ಜನ ಉದ್ದನೆಯ ಸಾಲಿನಲ್ಲಿ ನಿಂತದ್ದನ್ನು ನೀವು ಎಂದಾದರೂ ನೋಡಿದ್ದೀರಾ ಮಕ್ಕಳೇ? ಅದೂ ಯುದ್ಧ ನಡೆಯುತ್ತಿರುವ ಊರಿನಲ್ಲಿ, ಯಾವ ಹೊತ್ತಿಗೆ ಸೈರನ್ ಕೂಗುತ್ತದೋ ಎಂಬ ಭಯದ ನಡುವೆ? ಉಕ್ರೇನ್ ದೇಶದ ರಾಜಧಾನಿ ಕೀವ್‌ನಲ್ಲಿ 2022ರ ಏಪ್ರಿಲ್ ತಿಂಗಳಲ್ಲಿ ಜನ ಹಾಗೆ ನಿಂತಿದ್ದರು. ಅವರು ಕಾಯುತ್ತಿದ್ದುದು ಅಕ್ಕಿಗಲ್ಲ, ಪೆಟ್ರೋಲಿಗಲ್ಲ. ಒಂದಂಗುಲದ ಅಂಚೆಚೀಟಿಗೆ.

ಆ ಚೀಟಿಯ ಕತೆ ಹೀಗಿದೆ. 2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನಿನ ಮೇಲೆ ದೊಡ್ಡ ದಾಳಿ ಆರಂಭಿಸಿತು. ಅದೇ ದಿನ ಕಪ್ಪು ಸಮುದ್ರದ ಒಂದು ಪುಟ್ಟ ದ್ವೀಪದ ಎದುರು ರಷ್ಯಾದ ಯುದ್ಧನೌಕೆ ಬಂದು ನಿಂತು, ಅಲ್ಲಿದ್ದ ಕಾವಲುಗಾರರಿಗೆ ಶರಣಾಗಲು ಹೇಳಿತು. ಅವರು ಒಪ್ಪಲಿಲ್ಲ. ಉಕ್ರೇನಿನ ಅಂಚೆ ಸಂಸ್ಥೆ ಈ ಘಟನೆಯ ಮೇಲೆ ಚಿತ್ರ ಬರೆಯಿರಿ ಎಂದು ಕಲಾವಿದರಿಗೆ ಸ್ಪರ್ಧೆ ಇಟ್ಟಿತು. ಜನರ ಮತದಿಂದ ಗೆದ್ದದ್ದು ಕ್ರಿಮಿಯಾ ಮೂಲದ ಬೊರಿಸ್ ಗ್ರೋಖ್ ಎಂಬ ಕಲಾವಿದರ ಚಿತ್ರ. ದಡದಲ್ಲಿ ಒಬ್ಬನೇ ಸೈನಿಕ, ಎದುರಿಗೆ ಆ ದೊಡ್ಡ ಹಡಗು. ಸೈನಿಕ ಹಡಗಿಗೆ ಒಂದು ಬೆರಳು ತೋರಿಸುತ್ತಿದ್ದಾನೆ. ಯಾವ ಬೆರಳು ಎಂದು ಮಕ್ಕಳು ಕೇಳಬಾರದು, ಅಜ್ಜಂದಿರು ಹೇಳಬಾರದು!

ಏಪ್ರಿಲ್ 12ರಂದು ಚೀಟಿ ಬಿಡುಗಡೆಯಾಯಿತು. ಎರಡೇ ದಿನದಲ್ಲಿ, ಏಪ್ರಿಲ್ 14ರಂದು, ‘ಮಾಸ್ಕ್ವಾ’ ಎಂಬ ಹೆಸರಿನ ಆ ಹಡಗು ನಿಜವಾಗಿಯೂ ಸಮುದ್ರದಲ್ಲಿ ಮುಳುಗಿತು. ಸಾಲು ಇನ್ನೂ ಉದ್ದವಾಯಿತು. ಹತ್ತು ಲಕ್ಷ ಚೀಟಿಗಳು ಅಚ್ಚಾಗಿದ್ದವು. ಅವು ಖರ್ಚಾಗಲು ಹೆಚ್ಚು ದಿನ ಬೇಕಾಗಲಿಲ್ಲ.

ನಾನು ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ವಯಸ್ಸು ಎಪ್ಪತ್ತು ದಾಟಿದೆ. ಕ್ಯಾಶ್ ಕೌಂಟರಿನಲ್ಲಿ ಕೂತವನಿಗೆ ಕಾಗದವನ್ನು ನೋಡುವ ಕಣ್ಣೇ ಬೇರೆ. ಇದು ಯಾವ ಕಾಗದ, ಗೆರೆ ಎಷ್ಟು ಸಣ್ಣ, ಬಣ್ಣ ಎಲ್ಲಿ ಕೊಂಚ ಜಾರಿದೆ ಎಂದು ಬೆರಳೇ ಹೇಳಿಬಿಡುತ್ತದೆ. ಅಂಚೆಚೀಟಿ ಕೂಡಿಡುವ ಹವ್ಯಾಸವೂ ನನಗಿದೆ. ಮೊಮ್ಮಗಳು ತನ್ನ ಟ್ಯಾಬಿನಲ್ಲಿ ಈ ಚೀಟಿಯ ಚಿತ್ರ ತೋರಿಸಿ ಕೇಳಿದಳು: “ತಾತ, ಅಲ್ಲಿ ಬಾಂಬು ಬೀಳ್ತಿದೆ. ಇವರು ಚಿತ್ರ ಬರೀತಾ ಕೂತಿದಾರಲ್ಲ, ಚಿತ್ರದಿಂದ ಬಾಂಬು ನಿಲ್ಲುತ್ತಾ?”

“ನಿಲ್ಲಲ್ಲ ಪುಟ್ಟಿ” ಎಂದೆ. ಹಾಗಾದರೆ ಏಕೆ ಬರೆಯುತ್ತಾರೆ? ಅದಕ್ಕೆ ಉತ್ತರ ಹುಡುಕುತ್ತಾ ಹೋದವನಿಗೆ ಒಂದು ದೇಶದ ಕತೆಯೇ ಸಿಕ್ಕಿತು. ಅದನ್ನೇ ನಿಮಗೂ ಹೇಳುತ್ತೇನೆ.

ಅಜ್ಜ–ಅಜ್ಜಿಯರಿಗೆ ಗೊತ್ತಿರುವ ಪುಸ್ತಕಗಳು

ನನ್ನ ವಯಸ್ಸಿನವರಿಗೆ ನೆನಪಿರಬಹುದು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಸೋವಿಯತ್ ದೇಶದಿಂದ ಮಕ್ಕಳ ಪುಸ್ತಕಗಳು ನಮ್ಮೂರಿಗೆ ಬರುತ್ತಿದ್ದವು. ನವಕರ್ನಾಟಕದ ಮಳಿಗೆಯಲ್ಲಿ, ಪುಸ್ತಕದ ವ್ಯಾನುಗಳಲ್ಲಿ, ಬಹಳ ಅಗ್ಗದ ಬೆಲೆಗೆ ಸಿಗುತ್ತಿದ್ದವು. ಕನ್ನಡಕ್ಕೂ ಅನುವಾದವಾಗಿದ್ದವು. ದಪ್ಪ ಕಾಗದ, ತುಂಬು ಬಣ್ಣ, ಹಿಮದ ಕಾಡು, ಕೋಟು ಹಾಕಿದ ಕರಡಿ! ಎಲ್ಲರೂ ಅವನ್ನು ‘ರಷ್ಯಾದ ಪುಸ್ತಕ’ ಎಂದೇ ಕರೆಯುತ್ತಿದ್ದರು.

ಆದರೆ ಸೋವಿಯತ್ ಒಕ್ಕೂಟ ಎಂದರೆ ಹದಿನೈದು ಗಣರಾಜ್ಯಗಳ ಕೂಟ. ಅದರಲ್ಲಿ ಉಕ್ರೇನೂ ಒಂದು. ಅದಕ್ಕೆ ತನ್ನದೇ ಭಾಷೆ, ತನ್ನದೇ ಕತೆಗಳು. ಆ ಕಾಲದಲ್ಲಿ ಜಗತ್ತಿನೆಲ್ಲೆಡೆ ಓಡಾಡಿದ ‘ಕೈಗವಸು’ ಎಂಬ ಕತೆ ಉಕ್ರೇನಿನ ಜನಪದ ಕತೆ. ಚಳಿಗಾಲದಲ್ಲಿ ಒಬ್ಬ ಮುದುಕನ ಉಣ್ಣೆಯ ಕೈಗವಸು ಕಾಡಿನಲ್ಲಿ ಬಿದ್ದುಹೋಗುತ್ತದೆ. ಬೆಚ್ಚಗಿದೆಯಲ್ಲ ಎಂದು ಇಲಿ ಒಳಗೆ ಸೇರುತ್ತದೆ. ಆಮೇಲೆ ಕಪ್ಪೆ, ಮೊಲ, ನರಿ, ತೋಳ, ಕಾಡುಹಂದಿ, ಕೊನೆಗೆ ಕರಡಿ! ಎಲ್ಲರೂ “ಸ್ವಲ್ಪ ಸರಿದುಕೊಳ್ಳಿ” ಎನ್ನುತ್ತಾ ಒಂದೇ ಕೈಗವಸಿನಲ್ಲಿ ತೂರಿಕೊಳ್ಳುತ್ತವೆ. ನಮ್ಮ ಹಳೆಯ ಕೆಂಪು ಬಸ್ಸಿನ ಹಾಗೆ. ಸೋವಿಯತ್ ಚಿತ್ರಕಾರ ಯೆವ್ಗೆನಿ ರಾಚೆವ್ ಈ ಕತೆಯ ಪ್ರಾಣಿಗಳಿಗೆ ತೊಡಿಸಿದ್ದು ಉಕ್ರೇನಿನ ಹಳ್ಳಿಯವರ ಉಡುಪನ್ನು. ನೋಡಿದವರಿಗೆ ಆ ಉಡುಪಿನ ಹೆಸರು ಗೊತ್ತಿರಲಿಲ್ಲ, ಅಷ್ಟೆ.

ಹೆಸರು ಗೊತ್ತಿಲ್ಲದಿರುವುದು ಸಣ್ಣ ಸಂಗತಿ ಎನಿಸಬಹುದು. ಉಕ್ರೇನಿನವರಿಗೆ ಅದು ಸಣ್ಣದಲ್ಲ. “ನಿಮಗೊಂದು ಬೇರೆ ಭಾಷೆ ಇಲ್ಲ, ಬೇರೆ ಚರಿತ್ರೆ ಇಲ್ಲ” ಎಂಬ ಮಾತನ್ನು ಅವರು ತಲೆಮಾರುಗಳಿಂದ ಕೇಳುತ್ತಾ ಬಂದಿದ್ದಾರೆ. ಅವರ ಚಿತ್ರಗಳು ಈ ಮಾತಿಗೆ ಕೊಟ್ಟ ಉತ್ತರ.

ಹಳ್ಳಿ ಹಲ್ಲಿಯಾದರೆ?

ಉಕ್ರೇನಿನ ಮಹಾಕವಿ ತರಾಸ್ ಶೆವ್‌ಚೆಂಕೊ. ಅವರ ಮುಖ ಇಂದು ಅಲ್ಲಿನ ನೂರು ಹ್ರಿವ್ನಿಯಾ ನೋಟಿನ ಮೇಲಿದೆ. ಅವರು ಕವಿ ಮಾತ್ರವಲ್ಲ, ಚಿತ್ರಕಾರರೂ ಹೌದು. ಹುಟ್ಟಿದ್ದು 1814ರಲ್ಲಿ, ಜೀತದ ಮನೆತನದಲ್ಲಿ. ಒಡೆಯನಿಗೆ 2,500 ರೂಬಲ್ ಕೊಟ್ಟರೆ ಮಾತ್ರ ಬಿಡುಗಡೆ. ಪ್ರಸಿದ್ಧ ಕಲಾವಿದ ಬ್ರುಲೋವ್ ಒಂದು ಭಾವಚಿತ್ರ ಬರೆದರು, ಅದನ್ನು ಲಾಟರಿಗೆ ಇಟ್ಟರು, ಬಂದ ಹಣದಿಂದ 1838ರಲ್ಲಿ ಶೆವ್‌ಚೆಂಕೊ ಬಿಡುಗಡೆಯಾದರು. ಒಂದು ಚಿತ್ರ ಒಬ್ಬ ಮನುಷ್ಯನ ಸಾಲ ತೀರಿಸಿದ ಲೆಕ್ಕ ಇದು. ಸಾಯುವ ವರ್ಷ, 1861ರಲ್ಲಿ, ಅವರು ತಮ್ಮ ಖರ್ಚಿನಲ್ಲಿ ಹತ್ತು ಸಾವಿರ ಪ್ರತಿ ಅಚ್ಚು ಹಾಕಿಸಿದ್ದು ದೊಡ್ಡ ಕಾವ್ಯವನ್ನಲ್ಲ. ಭಾನುವಾರದ ಶಾಲೆಗಳ ಬಡಮಕ್ಕಳಿಗೆ ಅಕ್ಷರ ಕಲಿಸುವ ಪುಸ್ತಕವನ್ನು.

ಮುಂದೆ 1876ರಲ್ಲಿ ರಷ್ಯಾದ ಚಕ್ರವರ್ತಿ ಉಕ್ರೇನಿ ಭಾಷೆಯಲ್ಲಿ ಪುಸ್ತಕ ಅಚ್ಚು ಹಾಕುವುದನ್ನೇ ಬಹುಮಟ್ಟಿಗೆ ನಿಷೇಧಿಸಿದ. ಹೊರದೇಶದಲ್ಲಿ ಅಚ್ಚು ಹಾಕಿಸಿ ತರುವುದಕ್ಕೂ ತಡೆ. ಸೋವಿಯತ್ ಕಾಲದಲ್ಲಿ, 1933ರಲ್ಲಿ, ಅವರ ವರ್ಣಮಾಲೆಯಿಂದ ಒಂದು ಅಕ್ಷರವನ್ನೇ ತೆಗೆದುಹಾಕಿದರು. ನಮ್ಮ ‘ಗ’ ಧ್ವನಿ ಕೊಡುವ ಅಕ್ಷರ ಅದು. ರಷ್ಯನ್ ಲಿಪಿಯಲ್ಲಿ ಆ ರೂಪದ ಅಕ್ಷರ ಇಲ್ಲ. ಹಾಗಾಗಿ ಉಕ್ರೇನಿಗೂ ಬೇಡ ಎಂದಾಯಿತು. ಅದು ಮರಳಿ ಬಂದದ್ದು 1990ರಲ್ಲಿ, ಐವತ್ತೇಳು ವರ್ಷಗಳ ಮೇಲೆ.

ಒಂದು ಅಕ್ಷರ ಹೋದರೆ ಏನು ಮಹಾ ಎನ್ನುತ್ತೀರಾ? ನಾಳೆಯಿಂದ ಕನ್ನಡದಲ್ಲಿ ‘ಳ’ ಇಲ್ಲ, ಎಲ್ಲರೂ ‘ಲ’ ಬರೆಯಿರಿ ಎಂದು ಯಾರಾದರೂ ಹೇಳಿದರೆ ಊಹಿಸಿಕೊಳ್ಳಿ. ನಮ್ಮ ಹಳ್ಳಿ ಹಲ್ಲಿಯಾಗುತ್ತದೆ. ಅಜ್ಜಿಯ ಕೈಬಳೆ ಮೀನಿನ ಬಲೆಯಾಗುತ್ತದೆ. ನಗು ಬರುತ್ತದೆ, ಆಮೇಲೆ ಸಿಟ್ಟೂ ಬರುತ್ತದೆ.

ಇನ್ನೊಂದು ಅಕ್ಷರವಿದೆ. ಒಂದು ನೆಟ್ಟಗಿನ ಕಡ್ಡಿ, ಅದರ ತಲೆಯ ಮೇಲೆ ಅಕ್ಕಪಕ್ಕ ಎರಡು ಚುಕ್ಕೆ. ಉಚ್ಚಾರ ‘ಯಿ’. ಇದೂ ರಷ್ಯನ್ ಲಿಪಿಯಲ್ಲಿ ಇಲ್ಲ. ‘ಉಕ್ರಾಯಿನಾ’ ಎಂದು ತಮ್ಮ ದೇಶದ ಹೆಸರು ಬರೆಯಲು ಅವರಿಗೆ ಈ ಅಕ್ಷರ ಬೇಕೇ ಬೇಕು. ಕೀವ್ ಎಂದು ಬರೆಯಲೂ ಬೇಕು. ರಷ್ಯಾದ ಸೇನೆಯ ಹಿಡಿತಕ್ಕೆ ಹೋದ ಊರುಗಳಲ್ಲಿ ಜನ ರಾತ್ರಿ ಹೊತ್ತು ಗೋಡೆಗಳ ಮೇಲೆ ಈ ಒಂದೇ ಅಕ್ಷರವನ್ನು ಬರೆದು ಹೋಗುತ್ತಿದ್ದರು. ಘೋಷಣೆ ಇಲ್ಲ, ಹೆಸರಿಲ್ಲ. ಒಂದು ಕಡ್ಡಿ, ಎರಡು ಚುಕ್ಕೆ. ಓದಿದವರಿಗೆ ಅರ್ಥವಾಗುತ್ತಿತ್ತು: ನಾವಿನ್ನೂ ಇಲ್ಲಿದ್ದೇವೆ. ಒಂದು ಅಕ್ಷರವೇ ಪೋಸ್ಟರ್ ಆದದ್ದು ಹೀಗೆ.

ಅಲ್ಲಿನ ಕಲಾವಿದರು ಅಕ್ಷರಗಳ ರೂಪದ ಬಗ್ಗೆ ಅಷ್ಟೊಂದು ಯೋಚಿಸುವುದಕ್ಕೆ ಇದೇ ಕಾರಣ. ಉಕ್ರೇನ್ ಸ್ವತಂತ್ರವಾದದ್ದು 1991ರಲ್ಲಿ. ಮರುವರ್ಷವೇ ಇವಾನ್ ಮಾಲ್ಕೊವಿಚ್ ಎಂಬ ಕವಿ ಮಕ್ಕಳ ಪುಸ್ತಕಗಳ ಪ್ರಕಾಶನ ತೆರೆದರು. ಅದರ ಹೆಸರು ‘ಅ-ಬಾ-ಬಾ-ಹಾ-ಲಾ-ಮಾ-ಹಾ’! ಇವಾನ್ ಫ್ರಾಂಕೊ ಎಂಬ ಹಳೆಯ ಲೇಖಕರ ಕತೆಯೊಂದರಲ್ಲಿ ಶಾಲೆಗೆ ಸೇರಿದ ಪುಟ್ಟ ಹುಡುಗನಿಗೆ ಕಲಿಸುವ ಅರ್ಥವಿಲ್ಲದ ಪಾಠ ಅದು. (ಫ್ರಾಂಕೊ ಅವರ ಮುಖ ಇಪ್ಪತ್ತು ಹ್ರಿವ್ನಿಯಾ ನೋಟಿನ ಮೇಲಿದೆ. ಕವಿಗಳನ್ನು, ಲೇಖಕರನ್ನು ನೋಟಿಗೆ ಏರಿಸಿದ ದೇಶ ಇದು.) ಆ ಪ್ರಕಾಶನದ ಮೊದಲ ಪುಸ್ತಕ ಯಾವುದು ಗೊತ್ತೇ? ಚಿತ್ರಗಳಿರುವ ಉಕ್ರೇನಿ ವರ್ಣಮಾಲೆ.

ನೋಟಿಗೆ ಚಿತ್ರ ಬರೆದವರು

ಬ್ಯಾಂಕಿನವನಾದ ನಾನು ಒಬ್ಬರ ಕತೆ ಹೇಳದೆ ಮುಂದೆ ಹೋಗಲಾರೆ. ಅವರ ಹೆಸರು ಹೆಯೊರ್ಹಿ ನಾರ್ಬುಟ್. ಇಂದಿನ ಉಕ್ರೇನಿ ವಿನ್ಯಾಸಕಾರರನ್ನು “ನಿಮ್ಮ ಗುರು ಯಾರು?” ಎಂದು ಕೇಳಿದರೆ ಬಹಳ ಮಂದಿ ಇವರ ಹೆಸರನ್ನೇ ಹೇಳುತ್ತಾರೆ. ಹುಟ್ಟಿದ್ದು 1886ರಲ್ಲಿ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದರು. 1917ರಲ್ಲಿ ಚಕ್ರವರ್ತಿಯ ಆಳ್ವಿಕೆ ಕೊನೆಗೊಂಡು ಉಕ್ರೇನ್ ತನ್ನ ಕಾಲ ಮೇಲೆ ನಿಲ್ಲಲು ಹೊರಟಾಗ ಅವರು ಕೀವ್‌ಗೆ ಬಂದರು, ಹೊಸ ಕಲಾ ಅಕಾಡೆಮಿ ಕಟ್ಟಿದವರಲ್ಲಿ ಒಬ್ಬರಾದರು.

ಅದೇ ವರ್ಷ ಅವರು ಮಕ್ಕಳಿಗಾಗಿ ಒಂದು ಸಚಿತ್ರ ವರ್ಣಮಾಲೆ ಬರೆಯತೊಡಗಿದರು. ಒಂದೊಂದು ಅಕ್ಷರಕ್ಕೆ ಒಂದೊಂದು ಹಾಳೆ. ಎಲ್ಲ ಅಕ್ಷರ ಮುಗಿಸಲು ಆಗಲಿಲ್ಲ. ಆದರೆ ಆ ಅರ್ಧ ವರ್ಣಮಾಲೆಯನ್ನು ನೋಡಿಕೊಂಡೇ ನೂರು ವರ್ಷಗಳ ನಂತರದ ಹುಡುಗರು ಕಂಪ್ಯೂಟರಿಗೆ ಅಕ್ಷರಗಳನ್ನು ಮಾಡಿದ್ದಾರೆ.

ಹೊಸ ದೇಶಕ್ಕೆ ಹೊಸ ಹಣ ಬೇಕಲ್ಲ? ಮೊದಲ ನೋಟು ನೂರು ಕಾರ್ಬೊವಾನೆತ್ಸ್‌ನದು. ಅದನ್ನು ಬರೆದವರೂ ನಾರ್ಬುಟ್. ಆ ನೋಟಿನ ಮೇಲೆ ನಾಲ್ಕು ಭಾಷೆಗಳಿದ್ದವು: ಉಕ್ರೇನಿ, ರಷ್ಯನ್, ಪೋಲಿಷ್, ಮತ್ತು ಅಲ್ಲಿನ ಯಹೂದಿಗಳ ಯಿದ್ದಿಷ್. ದೇಶದಲ್ಲಿದ್ದ ಎಲ್ಲರೂ ತಮ್ಮ ಭಾಷೆಯಲ್ಲಿ ಓದಿಕೊಳ್ಳಲಿ ಎಂದು. ಮಕ್ಕಳೇ, ಈಗಲೇ ಅಪ್ಪನ ಬಳಿ ಒಂದು ನೋಟು ಕೇಳಿ ಹಿಂಬದಿ ನೋಡಿ. (ನೋಡಿ ವಾಪಸು ಕೊಡಿ!) ಅಲ್ಲೊಂದು ಪಟ್ಟಿಯಲ್ಲಿ ಹದಿನೈದು ಭಾಷೆಗಳಿವೆ. ಮೇಲಿನಿಂದ ನಾಲ್ಕನೆಯದು ನಮ್ಮ ಕನ್ನಡ. ಕೌಂಟರಿನಲ್ಲಿ ಕೂತಿದ್ದಾಗ ದಿನಕ್ಕೆ ಸಾವಿರ ಸಲ ಆ ಸಾಲು ನನ್ನ ಕಣ್ಣ ಮುಂದೆ ಹಾಯುತ್ತಿತ್ತು. ನೋಟು ಸಾಮಾನು ಕೊಳ್ಳುವುದಕ್ಕೆ ಮಾತ್ರ ಇರುವುದಲ್ಲ. ಇದು ಯಾರ ಯಾರ ಮನೆ ಎಂದೂ ಅದು ಹೇಳುತ್ತದೆ.

ಇನ್ನೂ ಸೊಗಸಾದ ಸಂಗತಿ ಇದೆ. 1918ರಲ್ಲಿ ಉಕ್ರೇನಿನಲ್ಲಿ ಚಿಲ್ಲರೆಯ ಅಭಾವ. ಚಿಲ್ಲರೆ ಇಲ್ಲವೆಂದು ಅಂಗಡಿಯವರು ನಿಮಗೆ ಚಾಕೊಲೇಟು ಕೊಡುತ್ತಾರಲ್ಲ, ಹಾಗೆ. ಅಲ್ಲಿನ ಸರ್ಕಾರ ಒಂದು ಉಪಾಯ ಮಾಡಿತು. ಅಂಚೆಚೀಟಿಗಾಗಿ ಬರೆಸಿದ ಚಿತ್ರಗಳನ್ನೇ ದಪ್ಪ ಕಾಗದದ ಮೇಲೆ, ಅಂಟು ಹಚ್ಚದೆ, ಅಚ್ಚು ಹಾಕಿಸಿತು. ಹಿಂಬದಿಯಲ್ಲಿ, ಇದು ಲೋಹದ ನಾಣ್ಯಕ್ಕೆ ಸಮನಾಗಿ ನಡೆಯುತ್ತದೆ ಎಂದು ಬರೆಸಿತು. ಹಾಗೆ ಅಂಚೆಚೀಟಿಯೇ ಚಿಲ್ಲರೆ ಹಣವಾಯಿತು. ಆಮೇಲೆ ಅದೇ ಚಿತ್ರ ತೆಳು ಕಾಗದದಲ್ಲಿ, ಅಂಟಿನೊಡನೆ, ನಿಜವಾದ ಅಂಚೆಚೀಟಿಯಾಗಿಯೂ ಬಂತು. ಐದು ಬೆಲೆಯ ಚೀಟಿಗಳಲ್ಲಿ ಮೂರನ್ನು ಬರೆದವರು ನಾರ್ಬುಟ್, ಎರಡನ್ನು ಆಂಟನ್ ಸೆರೆಡಾ. ಹಣವೋ ಅಂಚೆಯೋ ಎಂದು ಲೆಕ್ಕ ಇಡಬೇಕಾಗಿದ್ದ ಆ ಕಾಲದ ಗುಮಾಸ್ತರನ್ನು ನೆನೆದು ನನಗೆ ಮರುಕವಾಯಿತು!

ಕಾಯಿಲೆಯಿಂದ ನಾರ್ಬುಟ್ 1920ರಲ್ಲಿ ತೀರಿಕೊಂಡರು. ಆಗ ಅವರಿಗೆ 34 ವರ್ಷ. ಆ ಸ್ವತಂತ್ರ ದೇಶವೂ ಹೆಚ್ಚು ಕಾಲ ಉಳಿಯಲಿಲ್ಲ. ಕಾಗದದ ಮೇಲೆ ಅವರು ಬರೆದದ್ದು ಮಾತ್ರ ಉಳಿಯಿತು. 1996ರಲ್ಲಿ ಉಕ್ರೇನ್ ತನ್ನ ಹೊಸ ಹಣ ತಂದಾಗ 1918ರ ಹೆಸರನ್ನೇ ಅದಕ್ಕೆ ಇಟ್ಟುಕೊಂಡಿತು: ಹ್ರಿವ್ನಿಯಾ.

ಎಣಿಸುವ ಹುಡುಗಿ, ಹಾಡುವ ಹೂಗಳು

ಈಗ ಇಂದಿನ ಕಾಲಕ್ಕೆ ಬರೋಣ. ಉಕ್ರೇನಿನ ಪಶ್ಚಿಮಕ್ಕೆ ಲ್ವಿವ್ ಎಂಬ ಹಳೆಯ ಊರಿದೆ. ಊರಿನ ಹೆಸರಿನಲ್ಲೇ ಸಿಂಹವಿದೆ. ಅಲ್ಲಿನ ಒಂದು ಹೆಸರಾಂತ ಪ್ರಕಾಶನದ ಹೆಸರು ‘ಮುದಿ ಸಿಂಹ’. ಅಲ್ಲಿ ರೊಮಾನಾ ರೊಮಾನಿಶಿನ್ ಮತ್ತು ಆಂದ್ರಿ ಲೆಸಿವ್ ಎಂಬ ಕಲಾವಿದರ ಜೋಡಿ ಇದೆ. ಅವರ ಕಲಾಶಾಲೆಯ ಹೆಸರು ‘ಅಗ್ರಾಫ್ಕಾ’. ಹಾಗೆಂದರೆ ಸೇಫ್ಟಿ ಪಿನ್ನು. ಅಜ್ಜಿಯ ಬಳೆಗೆ ಸಿಕ್ಕಿಸಿಕೊಂಡು ಸದಾ ನೇತಾಡುತ್ತದಲ್ಲ, ಅದೇ. ಚಿತ್ರವನ್ನೂ ಮಾತನ್ನೂ ಸೇರಿಸಿ ಹಿಡಿಯುವವರಿಗೆ ಒಪ್ಪುವ ಹೆಸರು.

ಇವರ ಒಂದು ಪುಸ್ತಕದ ಹೆಸರು ‘ನಕ್ಷತ್ರಗಳು ಮತ್ತು ಗಸಗಸೆ ಕಾಳು’. ಅದರಲ್ಲಿ ಡೋರಾ ಎಂಬ ಹುಡುಗಿ. ಕಂಡದ್ದನ್ನೆಲ್ಲ ಎಣಿಸುವುದೇ ಅವಳ ಕೆಲಸ. ಆಕಾಶದ ನಕ್ಷತ್ರಗಳನ್ನೂ ಎಣಿಸಬೇಕೆಂಬ ಆಸೆ. ಪಾಯಸಕ್ಕೆ ಹಾಕುವ ಗಸಗಸೆ ಎಷ್ಟು ಸಣ್ಣದೆಂದು ನಿಮಗೆ ಗೊತ್ತು. ಜೀವಮಾನವಿಡೀ ನೋಟು ಎಣಿಸಿದ ನನಗೆ ಈ ಹುಡುಗಿ ನಮ್ಮ ಬ್ರಾಂಚಿನವಳೇ ಎನಿಸಿಬಿಟ್ಟಳು.

2014ರಲ್ಲಿ ರಷ್ಯಾ ಕ್ರಿಮಿಯಾವನ್ನು ವಶಪಡಿಸಿಕೊಂಡಿತು, ಪೂರ್ವ ಉಕ್ರೇನಿನಲ್ಲಿ ಕಾಳಗ ಶುರುವಾಯಿತು. ಮನೆಯಲ್ಲಿ ಮಕ್ಕಳು ಯುದ್ಧ ಎಂದರೇನು ಎಂದು ಕೇಳತೊಡಗಿದರು. 2015ರಲ್ಲಿ ಈ ಜೋಡಿ ಒಂದು ಪುಸ್ತಕ ತಂದಿತು: ‘ರೊಂಡೊ ಊರನ್ನು ಬದಲಿಸಿದ ಯುದ್ಧ’. ಅದರ ಇಂಗ್ಲಿಷ್ ಅನುವಾದವನ್ನು ಮಗಳು ನನಗೆ ತರಿಸಿಕೊಟ್ಟಳು.

ರೊಂಡೊ ಎಂಬುದು ಹೂಗಳು ಹಾಡುವ ಊರು. ಅಲ್ಲಿ ಮೂವರು ಗೆಳೆಯರು. ಡಾಂಕೊನ ಮೈ ಬಲ್ಬಿನಂತೆ ತೆಳು ಗಾಜು, ಒಳಗೆ ಬೆಳಕು. ಫಾಬಿಯಾನ್ ಬಲೂನಿನಲ್ಲಿ ಮಾಡಿದ ಗುಲಾಬಿ ನಾಯಿ. ಝಿರ್ಕಾ ಕಾಗದ ಮಡಿಸಿ ಮಾಡಿದ ಹಕ್ಕಿ. ಗಮನಿಸಿ ಮಕ್ಕಳೇ: ಗಾಜು ಒಡೆಯುತ್ತದೆ, ಬಲೂನು ಒಡೆಯುತ್ತದೆ, ಕಾಗದ ಸುಡುತ್ತದೆ. ಆ ಊರಿಗೆ ಒಂದು ದಿನ ಯುದ್ಧ ಬರುತ್ತದೆ. ಕಪ್ಪು ಕಳೆಗಿಡಗಳನ್ನು ನೆಡುತ್ತದೆ. ಬಿಸಿಲು ಮರೆಯಾಗಿ ಹೂಗಳು ಹಾಡು ನಿಲ್ಲಿಸುತ್ತವೆ. ಗೆಳೆಯರು ಯುದ್ಧದ ಜೊತೆ ಮಾತಾಡಿ ನೋಡುತ್ತಾರೆ, ಅದಕ್ಕೆ ಕೇಳಿಸುವುದಿಲ್ಲ. ಅದರ ಹೃದಯಕ್ಕೇ ಗುರಿಯಿಟ್ಟು ಹೊಡೆಯೋಣ ಎಂದು ಹೊರಟರೆ ಅದಕ್ಕೆ ಹೃದಯವೇ ಇಲ್ಲ! ಮೂವರಿಗೂ ಪೆಟ್ಟಾಗುತ್ತದೆ. ಕೊನೆಗೆ, ಬೆಳಕು ಬಿದ್ದರೆ ಹೂ ಹಾಡುತ್ತದೆ ಎಂದು ಕಂಡುಕೊಂಡು, ಊರವರೆಲ್ಲ ಸೇರಿ ಒಂದು ದೊಡ್ಡ ಬೆಳಕಿನ ಯಂತ್ರ ಕಟ್ಟುತ್ತಾರೆ. ಕತ್ತಲೆ ಹೋಗುತ್ತದೆ.

ನನಗೆ ಹಿಡಿಸಿದ್ದು ಅದರ ಕೊನೆ. ಯುದ್ಧ ಹೋದ ಮೇಲೆ ಎಲ್ಲವೂ ಮೊದಲಿನಂತಾಯಿತು ಎಂದು ಆ ಪುಸ್ತಕ ಸುಳ್ಳು ಹೇಳುವುದಿಲ್ಲ. ಡಾಂಕೊನ ಗಾಜಿನಲ್ಲಿ ಬಿರುಕು ಉಳಿಯುತ್ತದೆ. ಝಿರ್ಕಾಳ ರೆಕ್ಕೆಯ ಸುಟ್ಟ ಗುರುತೂ ಉಳಿಯುತ್ತದೆ. ಊರಲ್ಲಿ ಕೆಂಪು ಗಸಗಸೆ ಹೂಗಳು ಅರಳುತ್ತವೆ. ಯೂರೋಪಿನಲ್ಲಿ ಅದು ಯುದ್ಧದಲ್ಲಿ ಮಡಿದವರನ್ನು ನೆನೆಯುವ ಹೂವು.

2018ರಲ್ಲಿ ಇದೇ ಜೋಡಿಯ ಇನ್ನೆರಡು ಪುಸ್ತಕಗಳಿಗೆ, ಒಂದು ಕೇಳುವ ಬಗ್ಗೆ, ಇನ್ನೊಂದು ನೋಡುವ ಬಗ್ಗೆ, ಇಟಲಿಯ ಬೊಲೋನ್ಯಾ ಮಕ್ಕಳ ಪುಸ್ತಕ ಮೇಳದ ಪ್ರಶಸ್ತಿ ಬಂತು. ಮಕ್ಕಳ ಪುಸ್ತಕದ ಜಗತ್ತಿನಲ್ಲಿ ಅದು ಬಹಳ ದೊಡ್ಡ ಗೌರವ.

ಮಾತಿಲ್ಲದ ಪುಸ್ತಕ

2022ರಲ್ಲಿ ಒಲೆಕ್ಸಾಂಡರ್ ಶಾಟೊಖಿನ್ ಎಂಬ ಚಿತ್ರಕಾರ ‘ಹಳದಿ ಚಿಟ್ಟೆ’ ಎಂಬ ಪುಸ್ತಕ ಮಾಡಿದರು. ಅದರೊಳಗೆ ಕತೆಯ ಮಾತು ಒಂದೂ ಇಲ್ಲ. ಎಲ್ಲ ಚಿತ್ರ. ಮೊದಲು ಕಪ್ಪು–ಬಿಳುಪು. ಮುಳ್ಳುತಂತಿ, ಅದರ ನಡುವೆ ಒಬ್ಬ ಹುಡುಗಿ. ಮುಳ್ಳುತಂತಿಯೇ ಜೇಡವಾಗಿ ಅವಳನ್ನು ಅಟ್ಟಿಸಿಕೊಂಡು ಬರುತ್ತದೆ. ಆಗ ಒಂದು ಹಳದಿ ಚಿಟ್ಟೆ ಬರುತ್ತದೆ. ಆಮೇಲೆ ಇನ್ನೊಂದು, ಮತ್ತೊಂದು, ನೂರಾರು. ಕೊನೆಗೆ ನೀಲಿ ಆಕಾಶ. ನೀಲಿ, ಹಳದಿ ಎರಡೂ ಅವರ ಬಾವುಟದ ಬಣ್ಣ.

ಯುದ್ಧದಿಂದ ಓಡಿಬಂದ ಉಕ್ರೇನಿನ ಮಕ್ಕಳು ಇಂದು ಎಷ್ಟೋ ದೇಶಗಳ ಶಾಲೆಗಳಲ್ಲಿ ಕೂತಿದ್ದಾರೆ. ಪಕ್ಕದ ಹುಡುಗನ ಭಾಷೆ ಅವರಿಗೆ ಬಾರದು, ಅವನಿಗೆ ಅವರದು ಬಾರದು. ಮಾತಿಲ್ಲದ ಪುಸ್ತಕವನ್ನು ಇಬ್ಬರೂ ಸೇರಿ ಓದಬಹುದು. ನಾನೂ ಮೊಮ್ಮಗಳೂ ಹಾಗೆಯೇ ಓದಿದೆವು. ಒಂದು ಪುಟದಲ್ಲಿ ಅವಳು ಬಹಳ ಹೊತ್ತು ನಿಂತಳು. “ತಾತ, ಈ ಹುಡುಗಿ ಯಾಕೆ ಅಳ್ತಾ ಇಲ್ಲ?” ಎಂದಳು. “ಓಡುವಾಗ ಅಳೋಕೆ ಪುರುಸೊತ್ತಿರಲ್ಲ” ಎಂದೆ. ಅವಳು ಪುಟ ತಿರುಗಿಸಿದಳು.

ಹುಂಜ, ನಾಯಿ, ವಿಮಾನ

ಯುದ್ಧದ ಮೊದಲ ತಿಂಗಳುಗಳಲ್ಲಿ ಉಕ್ರೇನಿನ ಚಿತ್ರಕಾರರು ಕೈಗೆ ಸಿಕ್ಕ ಕಾಗದ, ಟ್ಯಾಬು, ಎಲ್ಲದರಲ್ಲೂ ಪೋಸ್ಟರ್ ಬರೆದರು. ‘ಪಿಕ್ಟೋರಿಕ್’ ಎಂಬ ಚಿತ್ರಕಾರರ ಸಂಘ 2014ರಿಂದಲೂ ಇದೆ. ಅವರ ಪೋಸ್ಟರುಗಳು ಬೇರೆ ಬೇರೆ ದೇಶಗಳ ಗೋಡೆಗಳ ಮೇಲೆ ಪ್ರದರ್ಶನಗೊಂಡವು.

ಆ ದಿನಗಳಲ್ಲಿ ಎಲ್ಲರೂ ಬರೆದ ಒಂದು ಚಿತ್ರ ಹುಂಜದ್ದು. ಕೀವ್ ಹತ್ತಿರದ ಬೊರೊದ್ಯಾಂಕಾ ಎಂಬ ಊರಿನ ಮೇಲೆ ಬಾಂಬು ಬಿತ್ತು. ಒಂದು ಮಹಡಿ ಮನೆಯ ಅರ್ಧಭಾಗ ಕುಸಿಯಿತು. ಉಳಿದ ಒಂಟಿ ಗೋಡೆಗೆ ಅಡುಗೆಮನೆಯ ಒಂದು ಕಪಾಟು ಹಾಗೇ ಅಂಟಿಕೊಂಡಿತ್ತು. ಅದರ ಮೇಲೆ ಒಂದು ಪಿಂಗಾಣಿ ಹುಂಜ, ಚೂರೂ ಒಡೆಯದೆ, ಎದೆ ಸೆಟೆದು ನಿಂತಿತ್ತು! ವಸಿಲ್ಕಿವ್ ಎಂಬ ಊರಿನ ಕಾರ್ಖಾನೆಯಲ್ಲಿ ಮಾಡಿದ ಹಳೆಯ ಹುಂಜ ಅದು. ಫೋಟೊ ದೇಶವೆಲ್ಲ ಹರಡಿತು. ಚಿತ್ರಕಾರರು ಅದನ್ನು ಪೋಸ್ಟರಿನಲ್ಲಿ ಬರೆದರು. ಕಪಾಟನ್ನು ಹುಂಜದ ಸಮೇತ ಕೀವ್‌ನ ವಸ್ತುಸಂಗ್ರಹಾಲಯಕ್ಕೆ ಒಯ್ದರು. ನಮ್ಮ ಮನೆಯ ಶೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆ ಇರುತ್ತದಲ್ಲ, ಅಂಥದೇ ಸಾಮಾನ್ಯ ವಸ್ತು ಅದು. ಅದಕ್ಕೇ ಎಲ್ಲರಿಗೂ ತಮ್ಮ ಮನೆಯದೇ ಎನಿಸಿತು.

ಇವಾಂಕಿವ್ ಎಂಬಲ್ಲಿನ ಸಂಗ್ರಹಾಲಯದಲ್ಲಿ ಮರಿಯಾ ಪ್ರಿಮಾಚೆಂಕೊ ಎಂಬ ಹಳ್ಳಿಯ ಹೆಣ್ಣುಮಗಳು ಬರೆದ ಚಿತ್ರಗಳಿದ್ದವು. ಜಗತ್ತಿನಲ್ಲಿ ಎಲ್ಲೂ ಇಲ್ಲದ ಬಣ್ಣಬಣ್ಣದ ಮೃಗಗಳು, ಹೂಗಳು, ಹಕ್ಕಿಗಳು. 2022ರ ಫೆಬ್ರವರಿ ಕೊನೆಯಲ್ಲಿ ಆ ಕಟ್ಟಡಕ್ಕೆ ಬೆಂಕಿ ಬಿತ್ತು. ಊರಿನವರು ಉರಿಯುವ ಕಟ್ಟಡದಿಂದ ಚಿತ್ರಗಳನ್ನು ಹೊತ್ತು ಹೊರತಂದರು. ಬೆಂಕಿಗೆ ನುಗ್ಗುವಾಗ ಯಾರೂ ಚಿತ್ರದ ಬೆಲೆ ಲೆಕ್ಕ ಹಾಕಿರಲಾರರು.

ಅಂಚೆಚೀಟಿಗಳೂ ಒಂದರ ಹಿಂದೆ ಒಂದು ಬಂದವು. ‘ಪ್ಯಾಟ್ರಾನ್’ ಎಂಬ ಪುಟಾಣಿ ನಾಯಿಯದು ಒಂದು. ಚೆರ್ನಿಹಿವ್ ಊರಿನ ಈ ನಾಯಿ ನೆಲದಲ್ಲಿ ಹುದುಗಿರುವ ಬಾಂಬುಗಳನ್ನು ಮೂಸಿ ಪತ್ತೆ ಹಚ್ಚುತ್ತದೆ. ಅದಕ್ಕೊಂದು ಪದಕವೂ ಬಂದಿದೆ. ಆ ಚೀಟಿಗಳ ಮಾರಾಟದ ಹಣದಲ್ಲಿ ಒಂದು ಪಾಲು ನೆಲಬಾಂಬು ತೆಗೆಯುವ ಕೆಲಸಕ್ಕೂ ಪ್ರಾಣಿಗಳ ಆಶ್ರಯಕ್ಕೂ ಹೋಯಿತು.

ಇನ್ನೊಂದು ಚೀಟಿಯ ಚಿತ್ರ ಬರೆದವಳು ಹನ್ನೊಂದು ವರ್ಷದ ಹುಡುಗಿ! ಚಿತ್ರದಲ್ಲಿರುವುದು ಆರು ಎಂಜಿನುಗಳ ‘ಮ್ರಿಯಾ’ ಎಂಬ ವಿಮಾನ. ಕೀವ್‌ನಲ್ಲಿ ಕಟ್ಟಿದ್ದು, 1988ರಲ್ಲಿ ಮೊದಲ ಸಲ ಹಾರಿತ್ತು. ಜಗತ್ತಿನಲ್ಲೇ ಅತಿ ಭಾರದ ವಿಮಾನ. ಮ್ರಿಯಾ ಎಂದರೆ ಕನಸು. ಯುದ್ಧದ ಮೊದಲ ದಿನಗಳಲ್ಲೇ ಹೊಸ್ತೊಮೆಲ್ ವಿಮಾನ ನಿಲ್ದಾಣದಲ್ಲಿ ಅದು ನಾಶವಾಯಿತು. ಜೂನ್ 28ರಂದು ಹುಡುಗಿಯ ಚಿತ್ರ ಅಂಚೆಚೀಟಿಯಾಗಿ ಬಂತು. ನೆಲದ ಮೇಲೆ ಸುಟ್ಟುಹೋದ ವಿಮಾನ ಲಕೋಟೆಗಳ ಮೇಲೆ ಕೂತು ಊರೂರಿಗೆ ಹಾರಿತು.

ಈ ಚೀಟಿಗಳಲ್ಲಿ ಇನ್ನೊಂದು ಜಾಣತನ ನನ್ನ ಕಣ್ಣಿಗೆ ಬಿತ್ತು. ಅನೇಕವುಗಳ ಮೇಲೆ ಬೆಲೆಯ ಅಂಕಿ ಇಲ್ಲ, ಒಂದು ಅಕ್ಷರ ಮಾತ್ರ ಇರುತ್ತದೆ. ದೇಶದೊಳಗಿನ ಕಾಗದಕ್ಕೆ ಒಂದು ಅಕ್ಷರ, ಹೊರದೇಶಕ್ಕೆ ಇನ್ನೊಂದು. ನಾಳೆ ಅಂಚೆ ದರ ಏರಿದರೂ ಇಂದು ಕೊಂಡ ಚೀಟಿ ನಡೆಯುತ್ತದೆ. ಬೆಲೆ ಏರುಪೇರಾಗುವ ಯುದ್ಧಕಾಲಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಉಂಟೇ?

ಸುಟ್ಟ ಪುಸ್ತಕಗಳು

ಖಾರ್ಕಿವ್ ಎಂಬ ಊರಿನ ಹೆಸರು ಕರ್ನಾಟಕದ ಮನೆಗಳಲ್ಲಿ ಮರೆಯುವಂಥದ್ದಲ್ಲ. ವೈದ್ಯಕೀಯ ಓದಲು ಹೋಗಿದ್ದ ನಮ್ಮ ರಾಜ್ಯದ ವಿದ್ಯಾರ್ಥಿಯೊಬ್ಬ 2022ರ ಮಾರ್ಚ್ 1ರಂದು ಅಲ್ಲಿ ಪ್ರಾಣ ಕಳೆದುಕೊಂಡ. ಅದೇ ಖಾರ್ಕಿವ್ ಉಕ್ರೇನಿನ ಪುಸ್ತಕ ಮುದ್ರಣದ ದೊಡ್ಡ ಕೇಂದ್ರ. 2024ರ ಮೇ 23ರಂದು ಅಲ್ಲಿನ ‘ಫ್ಯಾಕ್ಟರ್ ದ್ರುಕ್’ ಎಂಬ ದೊಡ್ಡ ಮುದ್ರಣಾಲಯದ ಮೇಲೆ ಕ್ಷಿಪಣಿಗಳು ಬಿದ್ದವು. ಕೆಲಸದಲ್ಲಿದ್ದ ಏಳು ಮಂದಿ ಸತ್ತರು. ಸುಮಾರು ಐವತ್ತು ಸಾವಿರ ಪುಸ್ತಕಗಳು ಸುಟ್ಟವು. ಪುಸ್ತಕ ಎಂದರೆ ನಾವು ಲೇಖಕರನ್ನು ನೆನೆಯುತ್ತೇವೆ, ಚಿತ್ರಕಾರರನ್ನು ನೆನೆಯುತ್ತೇವೆ. ಹಾಳೆ ಮಡಿಸುವವರು, ಹೊಲಿಯುವವರು, ಅಂಟು ಹಚ್ಚುವವರು ನಮ್ಮ ನೆನಪಿಗೆ ಬರುವುದು ಅಪರೂಪ. ಆ ದಿನ ಸತ್ತವರು ಅವರು.

ಇಷ್ಟಾದ ಮೇಲೂ ಅಲ್ಲಿ ಪುಸ್ತಕ ಅಚ್ಚಾಗುತ್ತಿದೆ. ಕರೆಂಟು ಇದ್ದಾಗ ಯಂತ್ರ ಓಡಿಸುತ್ತಾರೆ. ಸೈರನ್ ಕೂಗಿದರೆ ನೆಲಮಾಳಿಗೆಗೆ ಇಳಿಯುತ್ತಾರೆ. ಮತ್ತೆ ಮೇಲೆ ಬರುತ್ತಾರೆ.

“ಚಿತ್ರದಿಂದ ಬಾಂಬು ನಿಲ್ಲುತ್ತಾ?” ಎಂದು ಮೊಮ್ಮಗಳು ಕೇಳಿದ್ದಳಲ್ಲ. ನಿಲ್ಲುವುದಿಲ್ಲ ಎಂಬ ಉತ್ತರವನ್ನು ನಾನು ಬದಲಿಸಲಾರೆ. ಆದರೆ ಯುದ್ಧ ಮನೆ ಕೆಡವುವುದರ ಜೊತೆಗೆ ಇನ್ನೊಂದು ಕೆಲಸ ಮಾಡಲು ನೋಡುತ್ತದೆ: ಇಲ್ಲೊಂದು ಊರಿತ್ತು, ಇಂಥ ಅಕ್ಷರ, ಇಂಥ ಹುಂಜ, ಇಂಥ ಕತೆ ಇತ್ತು ಎಂಬುದನ್ನೇ ಅಳಿಸಲು ನೋಡುತ್ತದೆ. ಆ ಎರಡನೆಯ ಕೆಲಸವನ್ನು ಚಿತ್ರ ತಡೆಯಬಲ್ಲದು. ನಾರ್ಬುಟ್ ಬರೆದ ಅಂಗುಲದಗಲದ ಚೀಟಿ ನೂರು ವರ್ಷ ಕಾದು ಅದನ್ನು ತಡೆದು ತೋರಿಸಿದೆ.

ಈ ವಾರ ಒಂದು ಕೆಲಸ ಮಾಡಿ ಮಕ್ಕಳೇ. ಒಂದು ಬಿಳಿ ಹಾಳೆಯಲ್ಲಿ ಅಂಚೆಚೀಟಿಯಷ್ಟು ಚೌಕ ಹಾಕಿಕೊಳ್ಳಿ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಏನು ಹೋಗಬಾರದು ಎನಿಸುತ್ತದೋ ಅದನ್ನು ಅದರೊಳಗೆ ಬರೆಯಿರಿ. ಅಜ್ಜಿಯ ಒರಳುಕಲ್ಲು, ಶಾಲೆಯ ಮುಂದಿನ ನೇರಳೆ ಮರ, ‘ಳ’ ಅಕ್ಷರ, ಏನಾದರೂ ಸರಿ. ಜಾಗ ಕಡಿಮೆ, ಆದ್ದರಿಂದ ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸಬೇಕಾಗುತ್ತದೆ. ಕಷ್ಟವಾದರೆ ಅಜ್ಜ–ಅಜ್ಜಿಯರನ್ನು ಕೇಳಿ. ಯಾವ ಯಾವ ವಸ್ತು ಹೋಗಿಬಿಟ್ಟಿತು ಎಂದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.